ಅತ್ತೆಯ ಜೊತೆ ದೆವ್ವದ ಮನೆಗೆ

ಬಸವೇಶ್ವರನಗರ

ಹತ್ತೊಂಬತ್ತನೆಯ ಶತಮಾನದ ಒಂದು ಇಂಗ್ಲಿಷ್ ಕಾದಂಬರಿಯನ್ನು ನಾನು ಬಿ.ಎ. ಮಕ್ಕಳಿಗೆ ವರ್ಷ ವರ್ಷವೂ ಪಾಠ ಮಾಡುತ್ತೇನೆ. ಬಯಲ ನಡುವೆ ಒಂಟಿ ಬಂಗಲೆ, ಒಳಗೊಬ್ಬ ಸಿಡುಕು ಯಜಮಾನ, ಮೇಲಿನ ಅಂತಸ್ತಿನಲ್ಲಿ ಬೀಗ ಹಾಕಿದ ಕೋಣೆ, ಆ ಕೋಣೆಯಿಂದ ಆಗಾಗ ಕೇಳಿಬರುವ ನಗು. ಒಳಗಿರುವವಳು ಯಜಮಾನನ ಮೊದಲ ಹೆಂಡತಿ, ತಲೆ ಕೆಟ್ಟಿದೆಯೆಂದು ಕೂಡಿಹಾಕಿದ್ದಾರೆ ಎನ್ನುವುದು ನಮಗೆ ತಿಳಿಯುವ ಹೊತ್ತಿಗೆ ಅರ್ಧ ಪುಸ್ತಕ ಮುಗಿದಿರುತ್ತದೆ. ‘ಈ ಕಾದಂಬರಿಯ ಗಾಥಿಕ್ ಅಂಶಗಳನ್ನು ಚರ್ಚಿಸಿ’ ಎಂಬ ಪ್ರಶ್ನೆ ಪರೀಕ್ಷೆಗೆ ಬಂದೇ ಬರುತ್ತದೆ. ಹಾಗಾಗಿ ನಾನೂ ಬೋರ್ಡಿನ ಮೇಲೆ ಬರೆದೇ ಬರೆಯುತ್ತೇನೆ: ಒಂಟಿ ಮನೆ, ಮಂಜು, ಬೀಗ, ಮೇಣದಬತ್ತಿ, ಬೆಂಕಿ, ಎಲ್ಲಿಂದಲೋ ಕೇಳುವ ದನಿ.

ನಮ್ಮ ಕಾಲೇಜು ಇರುವುದು ಕಾಮಾಕ್ಷಿಪಾಳ್ಯದ ಹತ್ತಿರ. ಪಕ್ಕದ ಕಟ್ಟಡದಲ್ಲಿ ಗಾರ್ಮೆಂಟ್ಸ್ ಮಿಷನ್‌ಗಳ ಸದ್ದು, ಕಿಟಕಿ ತೆಗೆದರೆ ಮಾಗಡಿ ರೋಡಿನ ಹಾರನ್ನು. ಅಲ್ಲಿ ಯಾರಿಗೂ ಮೈ ಜುಮ್ಮೆನ್ನಿಸಲು ನನ್ನ ಕೈಲಾಗಿಲ್ಲ. ಬೀಗದ ಕೋಣೆಯನ್ನು ನಾನು ದನಿ ತಗ್ಗಿಸಿ ವರ್ಣಿಸುತ್ತಿದ್ದಾಗ ಹುಡುಗಿಯೊಬ್ಬಳು ಎದ್ದು ನಿಂತು, "ಮ್ಯಾಮ್, ಮೇಲ್ಗಡೆ ಅಷ್ಟೊಂದು ರೂಮ್ ಖಾಲಿ ಬಿಟ್ಟಿದ್ರಾ? ಬಾಡಿಗೆಗೆ ಕೊಡ್ಬೋದಿತ್ತಲ್ವಾ?" ಎಂದಳು. ತಮಾಷೆಗೆ ಕೇಳಿದ್ದಲ್ಲ. ಅವಳ ಮನೆ ನಾಗರಬಾವಿಯಲ್ಲಿ. ಮೇಲಿನ ಮೂರು ಮಹಡಿಯಲ್ಲೂ ಲಾ ಕಾಲೇಜಿನ ಹುಡುಗರು ಬಾಡಿಗೆಗಿದ್ದಾರಂತೆ.

ಈ ಕಥೆಯನ್ನು ಮನಸ್ಸಿಟ್ಟು ಕೇಳಿದವರು ನಮ್ಮತ್ತೆ ಒಬ್ಬರೇ. ದಾವಣಗೆರೆ ಕಡೆಯವರು, ಮದುವೆಯಾಗಿ ಬಸವೇಶ್ವರನಗರಕ್ಕೆ ಬಂದವರು. ನಾನು ಪಾಠದ ತಯಾರಿ ಮಾಡಿಕೊಳ್ಳುತ್ತಿದ್ದದ್ದು ಅಡುಗೆಮನೆಯಲ್ಲಿ, ಅವರು ರೊಟ್ಟಿ ತಟ್ಟುವಾಗ. ಕಥೆ ಕೇಳಿ ಕೇಳಿ ಅವರಿಗೆ ಯಜಮಾನನ ಮೇಲೆ ಸಿಟ್ಟು, ನಾಯಕಿಯ ಮೇಲೆ ಕನಿಕರ. ಆದರೆ ಅವರ ಪ್ರಶ್ನೆಗಳೆಲ್ಲ ಬೀಗದ ಒಳಗಿದ್ದವಳ ಬಗ್ಗೆಯೇ. "ಅವಳಿಗೆ ಊಟ ಯಾರು ಕೊಡ್ತಿದ್ರು? ಬಿಸಿ ಇರೋದಾ, ಆರಿದ್ದಾ?" 

ಇಂಗ್ಲೆಂಡಿನ ಉತ್ತರದಲ್ಲಿ ಒಂದು ಹಳೆಯ ಬಂಗಲೆಯಿದೆ. ಕಾದಂಬರಿಯ ಮನೆಗೆ ಅದೇ ಮೂಲವೆಂದು ಅಲ್ಲಿನವರ ನಂಬಿಕೆ. ನೋಡಿ ಬರೋಣವೆಂದರೆ ನಮ್ಮ ಯಜಮಾನರು ವಿಮಾನದ ಹೆಸರೆತ್ತಿದರೇ ಬೆವರುವವರು. "ಅಮ್ಮನ್ನ ಕರ್ಕೊಂಡ್ಹೋಗು" ಎಂದು ಕೈ ತೊಳೆದುಕೊಂಡರು. ಅತ್ತೆ ಅಂದೇ ಸಜ್ಜೆ ರೊಟ್ಟಿ ಒಣಗಿಸಲು ಶುರು ಮಾಡಿದರು.

ಬಯಲಿನ ಮನೆ

ನಾವು ಇಳಿದುಕೊಂಡದ್ದು ಗುಡ್ಡದ ಮೇಲಿನ ಒಂದು ಅತಿಥಿಗೃಹ. ಕಪ್ಪುಗಟ್ಟಿದ ಕಲ್ಲಿನ ಮನೆ, ಸುತ್ತ ಎದೆಮಟ್ಟದ ಕಲ್ಲುಗೋಡೆ, ಅದರಾಚೆ ಮರವೇ ಇಲ್ಲದ, ಕಂದು ಪೊದೆ ಹಬ್ಬಿದ ಬಯಲು. ಇಂಥ ಬಯಲನ್ನು ಮಕ್ಕಳಿಗೆ ವಿವರಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಈಗ ನೋಡಿದರೆ ವಿವರಿಸಲು ಏನೂ ಇರಲಿಲ್ಲ. ಗಾಳಿ ಮಾತ್ರ ಇತ್ತು. ಅತ್ತೆ ಸೆರಗು, ಶಾಲು, ಮಂಕಿ ಕ್ಯಾಪ್ ಮೂರನ್ನೂ ಹಿಡಿದುಕೊಂಡು, "ಮನೆ ಕಟ್ಟೋಕೆ ಬೇರೆ ಜಾಗ ಸಿಗ್ಲಿಲ್ವಾ ಇವ್ರಿಗೆ" ಎಂದರು.

ಮನೆಯೊಡತಿ ಮಾರ್ಗರೆಟ್ ಬಾಗಿಲಲ್ಲೇ ಕಾದಿದ್ದು, ಗಾಳಿ ಬೀಸುತ್ತಿರುವುದಕ್ಕೆ ಕ್ಷಮೆ ಕೇಳಿದಳು. ಆ ಊರಿನವರು ಹವಾಮಾನ ತಮ್ಮದೇ ತಪ್ಪೆಂಬಂತೆ ಮಾತಾಡುತ್ತಾರೆ. ಬಸ್ಸಿಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಅತ್ತೆಗೆ ಇದು ಬಹಳ ಹಿಡಿಸಿ, ತಾವೂ ಪ್ರತಿ ಸಲ ಹಿಂದಿನ ಸೀಟಿನಿಂದ ಡ್ರೈವರ್ ತನಕ ನಡೆದು ಹೋಗಿ ಕೈ ಮುಗಿದು ಬರುತ್ತಿದ್ದರು. ಬಸ್ಸು ಅಷ್ಟು ಹೊತ್ತೂ ನಿಂತಿರುತ್ತಿತ್ತು.

ಹಾಸಿಗೆಯೊಳಗೆ ಬಿಸಿನೀರಿನ ರಬ್ಬರ್ ಚೀಲ ಇಟ್ಟಿದ್ದರು. "ಯಾರಿಗಾದ್ರೂ ಹುಷಾರಿಲ್ವಾ ಈ ಮನೇಲಿ?" ಎಂದು ಅತ್ತೆ ಗಾಬರಿಯಾದರು. ನಮ್ಮ ಕಾಲು ಬೆಚ್ಚಗಿರಲೆಂದು ಮಾರ್ಗರೆಟ್ಟೇ ತಂದಿಟ್ಟದ್ದು ಎಂದೆ. ಅತ್ತೆ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಮಡಿಲಲ್ಲಿಟ್ಟುಕೊಂಡರು. 

ಇಲ್ಲಿ ಒಂದು ವಿಷಯ ಹೇಳಬೇಕು. ಅತ್ತೆ ಇಷ್ಟಲಿಂಗ ಕಟ್ಟಿಕೊಂಡವರು. ಬೆಳಿಗ್ಗೆ ಸ್ನಾನ, ವಿಭೂತಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ನೀರೆರೆದು ಪೂಜೆ, ಆ ನೀರು ಯಾವುದಾದರೂ ಗಿಡದ ಬುಡಕ್ಕೆ, ಆಮೇಲೆಯೇ ಬಾಯಿಗೆ ಏನಾದರೂ. ಊಟದ ಮುಂಚೆಯೂ ಲಿಂಗಕ್ಕೆ ಅರ್ಪಿಸದೆ ತುತ್ತೆತ್ತುವುದಿಲ್ಲ. ಲಿಂಗವಿಡುವ ಬೆಳ್ಳಿಯ ಕರಡಿಗೆಯನ್ನು ವಿಮಾನದಲ್ಲಿ ತರುವುದು ಬೇಡವೆಂದು ಮನೆಯಲ್ಲೇ ಬಿಟ್ಟು, ಲಿಂಗವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೊರಳಿನ ಶಿವದಾರಕ್ಕೆ ಸೇರಿಸಿಕೊಂಡಿದ್ದರು. ಆ ಮನೆಯಲ್ಲಿ ನಾನು ಹೇಳಿದ್ದು ಒಂದೇ ಮಾತು: "ಅತ್ತೆ, ಪೂಜೆ ನೀರನ್ನ ಬಾತ್‌ರೂಮಿನ ಸಿಂಕಿಗೇ ಹಾಕ್ಬಿಡಿ. ಈ ಚಳೀಲಿ ಗಿಡ ಹುಡುಕ್ಕೊಂಡು ಹೊರಗೆ ಹೋಗ್ಬೇಡಿ." "ಹೂಂ ಕಣವ್ವಾ" ಎಂದರು.

ಬೀಗದ ಕೋಣೆ

ಮರುದಿನ ಬಸ್ಸಿಗೆ ಹೊತ್ತಾಯಿತೆಂದು ಚಹಾ ಕೂಡ ಕುಡಿಯದೆ ಹೊರಟೆವು. ರೊಟ್ಟಿ, ಶೇಂಗಾ ಚಟ್ನಿಪುಡಿ ಚೀಲದಲ್ಲಿತ್ತು.

ಬಂಗಲೆ ನಾನು ಬೋರ್ಡಿನ ಮೇಲೆ ಬರೆದಂತೆಯೇ ಇತ್ತು. ಎತ್ತರದ ಕಿಟಕಿ, ಕತ್ತಲ ಹಜಾರ, ಗೋಡೆಯ ಮೇಲೆ ನಮ್ಮನ್ನೇ ದುರುಗುಟ್ಟುವ ಸತ್ತವರ ಚಿತ್ರಗಳು. ನನಗೆ ನಿಜವಾಗಿ ರೋಮಾಂಚನವಾಯಿತು. ಕ್ಲಾಸಿನಲ್ಲಿ ಯಾರಿಗೂ ಆಗದ್ದು ನನಗೊಬ್ಬಳಿಗೇ ಆಗುತ್ತಿದೆಯಲ್ಲ ಎಂದು ಸ್ವಲ್ಪ ದುಃಖವೂ ಆಯಿತು. ಕೊನೆಯಲ್ಲಿ ಕಡಿದಾದ ಮರದ ಮೆಟ್ಟಿಲು, ಮೇಲೆ ಒಂದು ತಗ್ಗು ಬಾಗಿಲು. ಬೀಗ ಹಾಕಿತ್ತು. ಹಿಂದೆ ಈ ಮನೆಯಲ್ಲೂ ಒಬ್ಬ ಹೆಂಗಸನ್ನು ಅಲ್ಲಿ ಕೂಡಿಟ್ಟಿದ್ದರೆಂದು ಐತಿಹ್ಯ. ಮನೆ ತೋರಿಸುತ್ತಿದ್ದ ವಯಸ್ಸಾದ ಮಹಿಳೆ ಅಲ್ಲಿ ದನಿ ತಗ್ಗಿಸಿದಳು, ಥೇಟ್ ನನ್ನಂತೆ. ಅತ್ತೆ ಮೊಣಕಾಲೂರಿ ಬೀಗದ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದರು. "ಏನೂ ಕಾಣ್ಸಲ್ಲ" ಎಂದು ಎದ್ದರು.

ತೋಟದ ಬೆಂಚಿನ ಮೇಲೆ ರೊಟ್ಟಿ ಬಿಚ್ಚಿದೆ. ಅತ್ತೆ ಅಭ್ಯಾಸದಂತೆ ಎದೆಯ ಹತ್ತಿರ ಕೈ ಹಾಕಿದರು. ಕೈ ಅಲ್ಲೇ ನಿಂತಿತು. ಸೆರಗಿನೊಳಗಿಂದ ಶಿವದಾರ ಹೊರಗೆ ಬಂತು, ಅದರ ತುದಿಯಲ್ಲಿ ಗಂಟು ಬಿಚ್ಚಿದ ಬಟ್ಟೆ ನೇತಾಡುತ್ತಿತ್ತು. ಲಿಂಗ ಇರಲಿಲ್ಲ.

ಅವರು ಅಳಲಿಲ್ಲ. ರೊಟ್ಟಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. "ನೀನು ತಿನ್ನು ಶೈಲಾ" ಎಂದರು.  ಅತ್ತೆಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ ಆಗದಿದ್ದರೆ ತಲೆ ಸುತ್ತಿ ಬೀಳುತ್ತಾರೆ. ಲಿಂಗವಿಲ್ಲದೆ ಅವರು ಊಟ ಮಾಡುವವರಲ್ಲ ಎಂಬುದೂ ಅಷ್ಟೇ ಖಾತ್ರಿ.

ಅತ್ತೆ ಬಗ್ಗಿದ್ದು ಬಾಗಿಲ ಕಿಂಡಿಯ ಹತ್ತಿರ. ಅಲ್ಲೇ ಬಿದ್ದು ಬಾಗಿಲಡಿಯ ಸಂದಿಯಿಂದ ಒಳಗೆ ಉರುಳಿರಬೇಕು. ಓಡಿಹೋಗಿ ಆ ಮಹಿಳೆಗೆ ಹೇಳಿದೆ. ನೇರಳೆಹಣ್ಣಿನಷ್ಟು ದೊಡ್ಡದು, ಕಪ್ಪು, ನಮ್ಮತ್ತೆಯ ದೇವರು, ಚಿಕ್ಕಂದಿನಿಂದ ಅವರ ಮೈ ಬಿಟ್ಟು ಅಗಲಿದ್ದಲ್ಲ. ಆಕೆ ಪ್ರಶ್ನೆ ಕೇಳಲಿಲ್ಲ. ಪ್ರವಾಸಿಗರನ್ನು ಕೆಳಗೇ ನಿಲ್ಲಿಸಿ, ಬೀಗದಕೈ ತಂದು, ಯಾರಿಗೂ ತೆಗೆಯದ ಆ ಬಾಗಿಲನ್ನು ನಮಗಾಗಿ ತೆಗೆದಳು.

ಒಳಗೆ ವ್ಯಾಕ್ಯೂಮ್ ಕ್ಲೀನರ್ ಇತ್ತು. ಮಡಚುವ ಕುರ್ಚಿಗಳು, ಎರಡು ಬಕೆಟ್, ಕ್ರಿಸ್‌ಮಸ್ ಗಿಡದ ಡಬ್ಬ. ನಾನು ಇಷ್ಟು ವರ್ಷ ದನಿ ತಗ್ಗಿಸಿ ಹೇಳಿದ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ನಾಲ್ಕು ಕಾಲಲ್ಲಿ ಹರಿದಾಡಿದೆ. ಆಕೆಯೂ ನನ್ನ ಪಕ್ಕದಲ್ಲೇ ಹರಿದಾಡಿದಳು. ಒಳ್ಳೆಯ ಬಟ್ಟೆಯೆಲ್ಲ ಧೂಳಾಯಿತು. ಲಿಂಗ ಸಿಗಲಿಲ್ಲ.

ಅತ್ತೆ ಹುಡುಕುವುದನ್ನು ಬಿಟ್ಟು ಗೋಡೆಯ ಮೇಲಿದ್ದ ಅಂಗೈಯಗಲದ ಕಿಟಕಿಯನ್ನೇ ನೋಡುತ್ತಾ ನಿಂತಿದ್ದರು. "ನನ್ನ ಲಿಂಗ ಕಳೆದ್ರೆ ಇವ್ರೆಲ್ಲಾ ಹುಡುಕ್ತಾ ಇದಾರೆ" ಎಂದರು. "ಅವಳನ್ನ ಯಾರೂ ಹುಡುಕ್ಕೊಂಡು ಬರ್ಲಿಲ್ಲ ನೋಡು."

ಇಷ್ಟು ವರ್ಷದಲ್ಲಿ ಆ ಕೋಣೆ ನೆನೆದು ನನಗೆ ಭಯವಾಗಿತ್ತೇ ಹೊರತು ಅಳು ಬಂದಿರಲಿಲ್ಲ. ಆಗ ಬಂತು. ಆ ಮಹಿಳೆ ಅದು ಲಿಂಗಕ್ಕಾಗಿ ಎಂದುಕೊಂಡು ನನ್ನ ಬೆನ್ನು ಸವರಿದಳು.

ಬಸ್ ಸ್ಟಾಪಿನಿಂದ ಮನೆಗೆ ಫೋನ್ ಮಾಡಿದೆ. ಯಜಮಾನರು ಮಠಕ್ಕೆ ಮಾಡಿ, ತಿರುಗಿ ನಮಗೆ ಮಾಡಿದರು. "ಸ್ವಾಮ್ಯೋರು ಹೇಳಿದಾರಮ್ಮಾ, ಊರಿಗೆ ಬಂದ್ಮೇಲೆ ಬೇರೆ ಲಿಂಗ ಕೊಡ್ತಾರಂತೆ. ಮನಸ್ನಲ್ಲೇ ನೆನೆದು ಊಟ ಮಾಡ್ಬೇಕಂತೆ. ತಪ್ಪೇನಿಲ್ವಂತೆ."

ಅತ್ತೆ ಪೂರ್ತಿ ಕೇಳಿಸಿಕೊಂಡರು. "ಅವ್ರು ದೊಡ್ಡೋರು, ಸರಿಯಾಗೇ ಹೇಳಿದಾರೆ. ನನ್ ಗಂಟ್ಲಲ್ಲಿ ಇಳಿಯಲ್ಲ ಕಣಪ್ಪಾ" ಎಂದು ಫೋನ್ ನನಗೆ ಕೊಟ್ಟರು. ಬಸ್ಸಿಳಿಯುವಾಗ ಮಾತ್ರ ಡ್ರೈವರಿಗೆ ಕೈ ಮುಗಿಯಲು ಮರೆಯಲಿಲ್ಲ. 

ಸಂಜೆಯ ಚಹಾ

ಮಾರ್ಗರೆಟ್‌ಳ ಮನೆಯಲ್ಲಿ ಸಂಜೆಯ ಚಹಾಕ್ಕೆ ಎಲ್ಲರೂ ಮುಂದಿನ ಕೋಣೆಯಲ್ಲಿ ಸೇರುವುದು ಪದ್ಧತಿ. ಬೆಂಕಿಗೂಡಿನ ಸುತ್ತ ಕೂತು, ಆ ದಿನ ಎಲ್ಲೆಲ್ಲಿ ಮೈ ಜುಮ್ಮೆಂದಿತು ಎಂದು ಹೇಳಿಕೊಳ್ಳಬೇಕು. ಅಲ್ಲಿಗೆ ಬರುವವರೆಲ್ಲ ಅದಕ್ಕೇ ಬರುವವರು. ನನಗೆ ಯಾರ ಮುಖ ನೋಡಲೂ ಮನಸ್ಸಿರಲಿಲ್ಲ. ಆದರೆ ಆ ಮನೆಯಲ್ಲಿ ಬೆಚ್ಚಗಿದ್ದದ್ದು ಅದೊಂದೇ ಕೋಣೆ. ಅತ್ತೆಯನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿದೆ. ಕಂದು ಸ್ವೆಟರು, ಹುಬ್ಬಿನ ತನಕ ಮಂಕಿ ಕ್ಯಾಪ್. ಚಹಾ ಬೇಡವೆಂದು ಬರೀ ನೀರು ಹಿಡಿದುಕೊಂಡಿದ್ದರು. ಮಾರ್ಗರೆಟ್ ಅವರ ಮುಖ ನೋಡಿ, ಹುಷಾರಿಲ್ಲವೇ ಎಂದು ಕೇಳಿದಳು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂದಷ್ಟೇ ಹೇಳಿದೆ.

ಅಲ್ಲಿ ಇಬ್ಬರು ಅಕ್ಕತಂಗಿಯರಿದ್ದರು, ಮತ್ತೆ ಪೀಟರ್ ಎಂಬ ವೃದ್ಧರು. ಪೀಟರ್ ಮೊದಲ ದಿನವೇ ಪರಿಚಯವಾಗಿದ್ದರು. ಹೆಂಡತಿಗೆ ನನ್ನ ಪಾಠದ ಕಾದಂಬರಿಯೆಂದರೆ ಪ್ರಾಣವಂತೆ. ಪ್ರತಿ ವರ್ಷ ಇದೇ ಕಾಲಕ್ಕೆ ಇಬ್ಬರೂ ಈ ಮನೆಗೆ ಬಂದು, ಒಮ್ಮೆಯಾದರೂ ಇಲ್ಲಿ ಓಡಾಡುತ್ತದೆನ್ನುವ ಹೆಂಗಸಿನ ದೆವ್ವ ಕಾಣಲಿ ಎಂದು ಕಾಯುತ್ತಿದ್ದರಂತೆ. ಕಾಣಲಿಲ್ಲ, ಆಕೆ ತೀರಿಕೊಂಡರು. ಈ ಸಲ ಪೀಟರ್ ಒಬ್ಬರೇ ಬಂದಿದ್ದರು.

"ಇವತ್ತು ಬೆಳಗಿನ ಜಾವ ನಾನು ಅವಳನ್ನು ನೋಡಿದೆ" ಎಂದರು ಪೀಟರ್.

ಅಕ್ಕತಂಗಿಯರು ಕಪ್ಪು ಕೆಳಗಿಟ್ಟರು.

"ಕಿಟಕಿಯಲ್ಲಿ ನಿಂತಿದ್ದೆ. ಮಂಜು ದಟ್ಟವಾಗಿತ್ತು. ತಲೆಯ ಮೇಲಿಂದ ಬಿಳಿಯ ಬಟ್ಟೆ ಹೊದ್ದುಕೊಂಡು ಬಂದಳು. ಹಣೆಯೆಲ್ಲ ಬೂದಿಯ ಬಣ್ಣ. ಈ ಚಳಿಯಲ್ಲಿ ಬರಿಗಾಲು. ಕೈಯಲ್ಲಿ ಏನೋ ಪಾತ್ರೆಯಿತ್ತು. ಕಲ್ಲುಗೋಡೆಯ ಪಕ್ಕದ ಒಂದು ಗಿಡದ ಬುಡದಲ್ಲಿ ಬಗ್ಗಿದಳು, ತುಟಿ ಅಲುಗುತ್ತಿತ್ತು. ಆಮೇಲೆ ಮಂಜಿನೊಳಗೆ ಕರಗಿಹೋದಳು." ಅವರ ಕಣ್ಣು ತುಂಬಿತ್ತು. "ಇಡೀ ದಿನ ಬಯಲಿನಲ್ಲಿ ಒಬ್ಬನೇ ತಿರುಗಿದೆ. ಹೆಂಡತಿಗೆ ಹೇಳುತ್ತಾ ತಿರುಗಿದೆ."

ನಾನು ನಿಧಾನವಾಗಿ ಮೂಲೆಯ ಕಡೆ ತಿರುಗಿದೆ. ಇಂಗ್ಲಿಷಿನ ಮಾತು ಒಂದೂ ತಿಳಿಯದ ಆ ದೆವ್ವ ನೀರಿನ ಲೋಟ ಹಿಡಿದು ಬೆಂಕಿ ನೋಡುತ್ತಿತ್ತು.

"ಅತ್ತೆ, ಬೆಳಿಗ್ಗೆ ನೀರು ಹಾಕೋಕೆ ಹೊರಗೆ ಹೋಗಿದ್ರಾ?"

ಅತ್ತೆ ಲೋಟವನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. ಆಮೇಲೆ, "ಮತ್ತೆ ಪೂಜೆ ನೀರನ್ನ ಕಕ್ಕಸಿನ ಮನೇಲಿ ಸುರೀಬೇಕಿತ್ತಾ?" ಎಂದರು.

"ಎಲ್ಲಿ ಹಾಕಿದ್ರಿ?"

"ಯಾವ್ದೋ ಗಿಡಕ್ಕೆ. ಮಂಜಲ್ಲಿ ನನಗೇನು ಗೊತ್ತಾಗ್ತದೆ. ಬೆರಳು ಮರಗಟ್ಟಿತ್ತು, ಗಂಟು ಹಾಕ್ಕೊಂಡಿದ್ದೇ ಕಷ್ಟ."

ಲಿಂಗ ಜಾರಿದ್ದು ಅಲ್ಲೇ, ಗಿಡಕ್ಕೆ ಬಗ್ಗಿದಾಗ. ಕಿಟಕಿಯಾಚೆ ನೋಡಿದೆ. ಕಲ್ಲುಗೋಡೆಯ ಉದ್ದಕ್ಕೂ ಒಂದೇ ಥರದ ಗಿಡಗಳು, ಮುಳ್ಳೆಲೆ, ಕೆಂಪು ಹಣ್ಣು. ಕೆಳಗೆಲ್ಲ ಉದುರಿದ ಎಲೆ. ಬೆಳಕು ಇಳಿಯುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಏನೂ ಕಾಣುವಂತಿರಲಿಲ್ಲ. ಯಾವ ಗಿಡ ಎಂದು ಹೇಳಬಲ್ಲವರು ಇಡೀ ಲೋಕದಲ್ಲಿ ಪೀಟರ್ ಒಬ್ಬರೇ. ಆದರೆ ಕೇಳಬೇಕಾದರೆ ಅವರ ದೆವ್ವವನ್ನು ನಾನು ಕಿತ್ತುಕೊಳ್ಳಬೇಕು. ಹೆಂಡತಿಯ ಪರವಾಗಿ ಅವರು ಕಡೆಗೂ ಕಂಡುಕೊಂಡದ್ದು ಅದೊಂದೇ.  ಅಷ್ಟರಲ್ಲಿ ಅತ್ತೆಯ ಕೈಯ ಲೋಟ ವಾಲಿ ನೀರು ಸೀರೆಯ ಮೇಲೆ ಚೆಲ್ಲಿತು.

ಹೇಳಿದೆ. ಪೂಜೆ, ವಿಭೂತಿ, ಸಿಂಕಿಗೆ ಸುರಿಯಬಾರದ ನೀರು, ಕಳೆದುಹೋದ ದೇವರು, ಬೆಳಿಗ್ಗೆಯಿಂದ ಖಾಲಿ ಹೊಟ್ಟೆ. ಹೇಳುತ್ತಾ ಹೋದಂತೆ ನನ್ನ ಮುಖ ಬಿಸಿಯಾಯಿತು. ಅತ್ತೆಗೆ ಅರ್ಥವಾಗಲಿಲ್ಲ, ಆದರೂ ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆಂದು ಮರ್ಯಾದೆಗೆ ಮಂಕಿ ಕ್ಯಾಪ್ ತೆಗೆದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇನ್ನೂ ಮಸುಕಾಗಿ ಉಳಿದಿತ್ತು.

ಪೀಟರ್ ಆ ಹಣೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಕೋಟು ಹುಡುಕತೊಡಗಿದರು. "ಬನ್ನಿ, ಕತ್ತಲಾಗುತ್ತದೆ. ಜಾಗ ನನಗೆ ಚೆನ್ನಾಗಿ ನೆನಪಿದೆ. ದಿನವಿಡೀ ಅದನ್ನೇ ನೆನೆಯುತ್ತಿದ್ದೆನಲ್ಲ" ಎಂದರು.

ಕಲ್ಲುಗೋಡೆಯ ಪಕ್ಕ

ಎಲ್ಲರೂ ಬಂದರು. ಹೊರಗೆ ಬರುವಾಗ ಪೀಟರ್ ಕಂಡ ದೆವ್ವದ ವಿಷಯವನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಮಾರ್ಗರೆಟ್ ಏಪ್ರನ್ನಿನಲ್ಲೇ ಬಂದಳು, ಅಕ್ಕತಂಗಿಯರು ಟಾರ್ಚು ಹಿಡಿದು ಬಂದರು. ಪೀಟರ್ ಒಮ್ಮೆ ಹಿಂತಿರುಗಿ ತಮ್ಮ ಕಿಟಕಿ ನೋಡಿ, ಎರಡು ಹೆಜ್ಜೆ ಎಡಕ್ಕೆ ಸರಿದು, ಒಂದು ಗಿಡದ ಮುಂದೆ ನಿಂತರು. ನೋವಿನ ಮೊಣಕಾಲನ್ನು ಒಂದೊಂದಾಗಿ ಊರಿ ಕೂತರು. ಎಲೆಗಳನ್ನು ಒಂದೊಂದಾಗಿ ಎತ್ತಿಡತೊಡಗಿದರು. ನಾನೂ ಕೂತೆ.  ಗಾಳಿ ತನ್ನ ಪಾಡಿಗೆ ಊಳಿಡುತ್ತಿತ್ತು.

ಒಂದು ಎಲೆಯ ಕೆಳಗೆ ಪೀಟರ್ ಅವರ ಕೈ ನಿಂತಿತು. ಅವರು ಮುಟ್ಟಲಿಲ್ಲ. ಮುಟ್ಟಬಾರದು ಎಂದು ನಾನು ಹೇಳಿರಲಿಲ್ಲ. ಟೋಪಿ ತೆಗೆದು, ಗಾಳಿಗೆ ಎಲೆ ಮತ್ತೆ ಮುಚ್ಚದಂತೆ ಎರಡೂ ಅಂಗೈ ಅಡ್ಡ ಹಿಡಿದು, "ಅವರನ್ನು ಕರೆಯಿರಿ" ಎಂದರು.

ಅತ್ತೆ ಬಗ್ಗಿ ತೆಗೆದುಕೊಂಡರು. ಸೆರಗಿನಲ್ಲಿ ಒರೆಸಿ ಕಣ್ಣಿಗೊತ್ತಿಕೊಂಡರು. ಬೆಳಿಗ್ಗೆಯಿಂದ ಅಳದವರು ಆಗ ಅತ್ತರು. ಅತ್ತು ಮುಗಿದ ಮೇಲೆ ನನ್ನನ್ನು ಕೇಳಿದರು, "ನನ್ನಿಂದ ಅವ್ರ ದೆವ್ವ ಹೋಯ್ತಲ್ಲಾ, ಬೇಜಾರಾಯ್ತಾ ಕೇಳು."

ಕೇಳಿದೆ. ಪೀಟರ್ ಗೋಡೆ ಹಿಡಿದು ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡರು. "ಸ್ವಲ್ಪ ಆಯಿತು" ಎಂದರು. ಆ ಪ್ರಾಮಾಣಿಕತೆಗೆ ನಾನು ಇವತ್ತಿಗೂ ಋಣಿ. "ಆದರೆ ನನ್ನ ಹೆಂಡತಿ ಇದ್ದಿದ್ದರೆ ದೆವ್ವದ ಮಾತು ಆಮೇಲೆ, ಮೊದಲು ಆಕೆಗೆ ಊಟ ಕೊಡಿ ಅನ್ನುತ್ತಿದ್ದಳು."

ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. "ಒಳ್ಳೆ ಹೆಂಗ್ಸು" ಎಂದರು.

ಊಟದ ಮೇಜು

ಅತ್ತೆ ಮತ್ತೆ ಸ್ನಾನ ಮಾಡದೆ ಪೂಜೆಗೆ ಕೂರುವುದಿಲ್ಲ ಎಂದರು. ನಾನು ಮಾರ್ಗರೆಟ್‌ಗೆ, ನೀವೆಲ್ಲ ಊಟ ಮಾಡಿ, ನಾವು ಕೋಣೆಯಲ್ಲೇ ರೊಟ್ಟಿ ತಿನ್ನುತ್ತೇವೆ ಎಂದೆ. ಅವಳು ತಲೆಯಾಡಿಸಿ ಒಳಗೆ ಹೋದಳು.

ಸ್ನಾನವಾಯಿತು. ಪೂಜೆಯೂ ಆಯಿತು, ಎಂದಿಗಿಂತ ಉದ್ದವಾಗಿ. ನೀರು ಚೆಲ್ಲಲು ಈ ಸಲ ಟಾರ್ಚು ಹಿಡಿದು ನಾನೇ ಜೊತೆಗೆ ಹೋದೆ, ಅದೇ ಗಿಡಕ್ಕೆ. ವಾಪಸು ಬರುವಾಗ ಊಟದ ಕೋಣೆಯ ಬಾಗಿಲು ತೆರೆದಿತ್ತು. ಅತ್ತೆ ಒಳಗೆ ಇಣುಕಿ ಹಾಗೇ ನಿಂತುಬಿಟ್ಟರು.

ಮೇಜಿನ ಸುತ್ತ ಎಲ್ಲರೂ ಕೂತಿದ್ದರು. ಎಲ್ಲರ ಮುಂದೆಯೂ ಸೂಪು ಬಡಿಸಿತ್ತು, ಅದರ ಹಬೆ ಆಗಲೇ ಆರಿತ್ತು. ಒಬ್ಬರೂ ಮುಟ್ಟಿರಲಿಲ್ಲ. ಪೀಟರ್ ಪಕ್ಕದಲ್ಲಿ ಎರಡು ಕುರ್ಚಿ ಖಾಲಿಯಿದ್ದವು. ಅಲ್ಲಿ ಸೂಪಿರಲಿಲ್ಲ, ನಮ್ಮ ರೊಟ್ಟಿಗೆಂದು ತೊಳೆದು ಒರೆಸಿದ ಎರಡು ತಟ್ಟೆಗಳಿದ್ದವು.

"ಇವ್ರು ಯಾಕೆ ಉಂಡಿಲ್ಲ?" ಅತ್ತೆ ಪಿಸುಗುಟ್ಟಿದರು.

"ನಿಮಗೋಸ್ಕರ ಕಾಯ್ತಾ ಇದಾರೆ ಅತ್ತೆ" ಎಂದೆ. 

ಅತ್ತೆ ಹೋಗಿ ಕೂತರು. ರೊಟ್ಟಿ ಮುರಿದು, ಕೊರಳಿನ ಲಿಂಗವನ್ನು ಅಂಗೈಗೆ ತೆಗೆದುಕೊಂಡು, ತಟ್ಟೆ ತೋರಿಸಿ ಕಣ್ಣು ಮುಚ್ಚಿದರು. ಕೋಣೆಯಲ್ಲಿ ಚಮಚದ ಸದ್ದೂ ಇರಲಿಲ್ಲ. ಕಣ್ಣು ತೆರೆದು, ಮೊದಲ ತುತ್ತು ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿದರು. ಅದು ಗಂಟಲಿಳಿದದ್ದನ್ನು ನೋಡಿದ ಮೇಲೆಯೇ ಪೀಟರ್ ತಮ್ಮ ಆರಿದ ಸೂಪಿಗೆ ಚಮಚ ಹಾಕಿದರು.